ಸಿಪಿಯು ಪಕ್ಕಕ್ಕೆ ಜಿಪಿಯು ಬಂದ ಕಥೆ, ಮತ್ತೆ ಅವೆರಡರ ಮಧ್ಯದ ದಾರಿ

ಈಗ ಲ್ಯಾಪ್‌ಟಾಪ್ ತಗೊಳೋಕೆ ಅಂಗಡಿಗೆ ಹೋದ್ರೆ ಸಿಪಿಯು ಎಷ್ಟು ಕೋರು, ಜಿಪಿಯು ಯಾವ್ದು, ಎನ್‌ಪಿಯು ಬೇಕಾ ಅಂತ ಒಂದೇ ಉಸಿರಲ್ಲಿ ಕೇಳ್ತಾರೆ. ಸಿಪಿಯು ಅಂದ್ರೆ ಕಂಪ್ಯೂಟರಿನ ಮುಖ್ಯ ಪ್ರೊಸೆಸರ್, ಕೋರು ಅಂದ್ರೆ ಅದರೊಳಗೆ ಲೆಕ್ಕ ಮಾಡೋ ಒಂದೊಂದು ಘಟಕ, ಜಿಪಿಯು ಅಂದ್ರೆ ಗ್ರಾಫಿಕ್ಸ್ ಚಿಪ್, ಎನ್‌ಪಿಯು ಅಂದ್ರೆ ಎಐ ಲೆಕ್ಕಕ್ಕೇ ಅಂತ ಮಾಡಿದ ಚಿಪ್. ಇಷ್ಟೊಂದು ಥರದ ಪ್ರೊಸೆಸರ್ ಯಾಕೆ, ಗಟ್ಟಿಮುಟ್ಟಾದ್ದು ಒಂದಿದ್ರೆ ಸಾಲ್ದಾ ಅನ್ನೋದು ನ್ಯಾಯವಾದ ಪ್ರಶ್ನೆನೇ. ಅದಕ್ಕೆ ಉತ್ತರ ಹುಡುಕ್ತಾ ಹೋದ್ರೆ ನಲವತ್ತು ವರ್ಷ ಹಿಂದಕ್ಕೆ ಹೋಗ್ಬೇಕಾಗುತ್ತೆ.

1980ರಲ್ಲಿ ಇಂಟೆಲ್ 8087 ಅಂತ ಒಂದು ಚಿಪ್ ತಂತು. ಅವರದ್ದೇ 8086 ಪ್ರೊಸೆಸರ್‌ಗೆ ಪೂರ್ಣಾಂಕದ ಲೆಕ್ಕ ಸಲೀಸು, ದಶಮಾಂಶದ ಲೆಕ್ಕ ಬಂದ್ರೆ ಮಾತ್ರ ಸಾಫ್ಟ್‌ವೇರಲ್ಲಿ ಹತ್ತಾರು ಹೆಜ್ಜೆ ಸುತ್ತಾಡಿ ಮಾಡ್ಬೇಕಿತ್ತು, ಆ ಕೆಲ್ಸಕ್ಕೇ ಅಂತ ಮಾಡಿದ ಜೊತೆಗಾರ ಚಿಪ್ ಇದು. ಇದರ ಕೆಲಸದ ರೀತಿ ನಂಗೆ ಈಗ್ಲೂ ತುಂಬಾ ಇಷ್ಟ. ಮೆಮೊರಿಯಿಂದ ಬರೋ ಆದೇಶಗಳನ್ನ ಎರಡೂ ಚಿಪ್ ಒಟ್ಟಿಗೇ ನೋಡ್ತಾ ಇರ್ತವೆ, ಯಾವ ಆದೇಶ 11011 ಅನ್ನೋ ಐದು ಬಿಟ್‌ನಿಂದ ಶುರುವಾಗುತ್ತೋ ಅದು ತನ್ನದು ಅಂತ 8087 ಎತ್ಕೊಳ್ಳುತ್ತೆ, ಅದು ಲೆಕ್ಕ ಮಾಡ್ತಿರುವಾಗ ದೊಡ್ಡ ಚಿಪ್ ಬೇರೆ ಕೆಲಸ ನೋಡ್ಕೋಬಹುದು, ಫಲಿತಾಂಶ ಬೇಕಾದಾಗ ವೇಟ್ ಅನ್ನೋ ಆದೇಶ ಕೊಟ್ಟು ಕಾಯ್ಬಹುದು. ಇಬ್ರಿಗೂ ಮೆಮೊರಿ ಒಂದೇ. ಇಲ್ಲಿಂದ ಅಲ್ಲಿಗೆ ಡೇಟಾ ಹೊತ್ತುಹಾಕೋ ಪ್ರಮೇಯನೇ ಇಲ್ಲ. ಈ ಒಂದು ಮಾತು ನೆನಪಿಟ್ಕೊಳ್ಳಿ, ಮುಂದಿನ ಕಥೆಯೆಲ್ಲಾ ಇದರ ಮೇಲೇನೇ ನಿಂತಿದೆ.

1989ರ 486 ಬರೋ ಹೊತ್ತಿಗೆ ಆ ಲೆಕ್ಕದ ಚಿಪ್ಪು ಮುಖ್ಯ ಪ್ರೊಸೆಸರ್ ಒಳಗೇ ಸೇರ್ಕೊಂಡ್ತು. ಆಮೇಲೆ ಹದಿನೈದು ವರ್ಷ ಯಾರೂ ಜೊತೆಗಾರನ್ನ ಹುಡುಕೋ ಗೋಜಿಗೆ ಹೋಗ್ಲಿಲ್ಲ, ಯಾಕಂದ್ರೆ ಎರಡು ವರ್ಷ ಕಾದ್ರೆ ಹಳೇ ಪ್ರೋಗ್ರಾಮೇ ತಾನಾಗಿ ಜೋರಾಗಿ ಓಡ್ತಿತ್ತು. ಐಬಿಎಂನ ರಾಬರ್ಟ್ ಡೆನಾರ್ಡ್ ಮತ್ತವರ ತಂಡ 1974ರಲ್ಲೇ ಇದರ ಗುಟ್ಟು ಹೇಳಿದ್ರು: ಟ್ರಾನ್ಸಿಸ್ಟರ್ ಚಿಕ್ಕದಾದಂಗೆ ಅದರ ವೋಲ್ಟೇಜೂ ಇಳಿಸ್ಬಹುದು, ಹಾಗಾಗಿ ಅಷ್ಟೇ ಜಾಗದಲ್ಲಿ ಜಾಸ್ತಿ ಟ್ರಾನ್ಸಿಸ್ಟರ್ ತುಂಬಿ ವೇಗ ಹೆಚ್ಚಿಸಿದ್ರೂ ಬಿಸಿ ಏರಲ್ಲ. ಆದ್ರೆ 2004ರ ಸುಮಾರಿಗೆ ವೋಲ್ಟೇಜ್ ಇಳಿಸೋಕೆ ಆಗ್ದೇ ಹೋಯ್ತು, ಇನ್ನೂ ಇಳಿಸಿದ್ರೆ ಟ್ರಾನ್ಸಿಸ್ಟರ್ ಆಫ್ ಆಗಿದ್ದಾಗ್ಲೂ ಕರೆಂಟ್ ಸೋರುತ್ತೆ. ಅದೇ ವರ್ಷ ಇಂಟೆಲ್ ತನ್ನ ತೇಹಾಸ್ ಪ್ರೊಸೆಸರನ್ನ ಕೈಬಿಟ್ಟಿತು, 4 ಗಿಗಾಹರ್ಟ್ಸ್ ಪೆಂಟಿಯಂ 4 ಕೂಡ ರದ್ದಾಯ್ತು. ಬೇರೆ ಬೇರೆ ಪ್ರೊಸೆಸರ್ ಕೂಡಿಸೋ ಯೋಚನೆ ದೊಡ್ಡದಾಗಿ ಬಂದಿದ್ದು ಆಗ್ಲೇ, ಹಿಂದೆ ನಿಂತು ತಳ್ಳಿದ್ದು ಬಿಸಿ.

ಅಷ್ಟರಲ್ಲಿ ಗೇಮ್‌ಗೋಸ್ಕರ ಬೆಳೆದಿದ್ದ ಗ್ರಾಫಿಕ್ಸ್ ಚಿಪ್ ರೆಡಿಯಾಗಿ ಕೂತಿತ್ತು. ಮದುವೆ ಮನೆ ಅಡುಗೆ ನೋಡಿದ್ರೆ ಇದು ಬೇಗ ಅರ್ಥ ಆಗುತ್ತೆ. ಮುಖ್ಯ ಅಡುಗೆ ಭಟ್ರಿಗೆ ಯಾವುದಕ್ಕೆ ಎಷ್ಟು ಉಪ್ಪು, ಯಾವಾಗ ಒಗ್ಗರಣೆ, ಸಾರು ಕಮ್ಮಿ ಬಿದ್ರೆ ಏನ್ ಮಾಡ್ಬೇಕು ಎಲ್ಲಾ ಗೊತ್ತು, ಅವರು ಸಿಪಿಯು. ನಲವತ್ತು ಜನ ಸಾಲಾಗಿ ಕೂತು ಒಂದೇ ಥರ ಬೀನ್ಸ್ ಹೆಚ್ತಾರಲ್ಲ, ಅದು ಜಿಪಿಯು. 2006ರ ನವೆಂಬರ್‌ನಲ್ಲಿ ಬಂದ ಎನ್‌ವಿಡಿಯಾ 8800 ಜಿಟಿಎಕ್ಸ್‌ನಲ್ಲಿ ಇಂಥಾ 128 ಚಿಕ್ಕ ಪ್ರೊಸೆಸರ್ ಇದ್ವು, ಜೊತೆಗೇ ಕುಡಾ ಅನ್ನೋ ಪ್ರೋಗ್ರಾಮಿಂಗ್ ವ್ಯವಸ್ಥೆ ಪ್ರಕಟ ಆಯ್ತು. ಸ್ಟ್ಯಾನ್‌ಫರ್ಡ್‌ನಲ್ಲಿ ಬ್ರೂಕ್ ಅಂತ ಭಾಷೆ ಮಾಡಿದ್ದ ಇಯಾನ್ ಬಕ್ ಇದರ ಹಿಂದಿದ್ರು. ಅದಕ್ಕೂ ಮುಂಚೆ ಜಿಪಿಯುನಲ್ಲಿ ವಿಜ್ಞಾನದ ಲೆಕ್ಕ ಮಾಡ್ಬೇಕಂದ್ರೆ ಆ ಲೆಕ್ಕವನ್ನ ತ್ರಿಕೋನ, ಪಿಕ್ಸೆಲ್ ಬಣ್ಣ ಅಂತ ವೇಷ ಹಾಕಿಸಿ ಕಳಿಸ್ಬೇಕಿತ್ತು.

ಆದ್ರೆ ಹೆಚ್ಚೋರು ಕೂತಿದ್ದು ಅಡುಗೆಮನೇಲಲ್ಲ, ಪಕ್ಕದ ಬೀದೀಲಿ. ಜಿಪಿಯುಗೆ ತನ್ನದೇ ಮೆಮೊರಿ, ಮಧ್ಯೆ ಪಿಸಿಐ ಎಕ್ಸ್‌ಪ್ರೆಸ್ ಅನ್ನೋ ದಾರಿ. ಇದರಿಂದ ಏನಾಗುತ್ತೆ ಅಂತ ಒಂದು ಲೆಕ್ಕ ಹಾಕಿ ನೋಡೋಣ. ಒಂದೊಂದು ಕೋಟಿ ಸಂಖ್ಯೆ ಇರೋ ಎರಡು ಪಟ್ಟಿ ಕೂಡಿಸ್ಬೇಕು, ಒಂದು ಸಂಖ್ಯೆಗೆ 4 ಬೈಟ್ ಅಂದ್ರೆ ಹೋಗೋದು 80 ಎಂಬಿ, ವಾಪಸ್ ಬರೋದು 40 ಎಂಬಿ. ದಾರಿ ಸೆಕೆಂಡಿಗೆ 16 ಜಿಬಿ ಸಾಗಿಸುತ್ತೆ ಅಂದ್ಕೊಂಡ್ರೆ ಬರೀ ಸಾಗಣೆಗೇ 7.5 ಮಿಲಿಸೆಕೆಂಡ್, ಆದ್ರೆ ಸೆಕೆಂಡಿಗೆ 900 ಜಿಬಿ ಓದೋ ವಿ100 ಥರದ ಜಿಪಿಯು ಒಳಗೆ ಆ ಕೂಡೋ ಕೆಲಸ ಹಿಡಿಯೋದು 0.13 ಮಿಲಿಸೆಕೆಂಡ್ ಅಷ್ಟೆ. ಸೆಕೆಂಡಿಗೆ 50 ಜಿಬಿ ಓದೋ ಸಾಧಾರಣ ಸಿಪಿಯು ಇದನ್ನ ಕೂತಲ್ಲೇ 2.4 ಮಿಲಿಸೆಕೆಂಡಲ್ಲಿ ಮುಗಿಸಿರುತ್ತೆ. ಅಂದ್ರೆ ಅಷ್ಟು ಬಲದ ಜಿಪಿಯು ಇದ್ರೂ ಕೆಲಸ ಮೂರು ಪಟ್ಟು ನಿಧಾನ! ಅದೇ ದೊಡ್ಡ ಮ್ಯಾಟ್ರಿಕ್ಸ್ (ಸಾಲು ಕಂಬವಾಗಿ ಜೋಡಿಸಿದ ಸಂಖ್ಯೆಗಳ ಕೋಷ್ಟಕ) ಗುಣಾಕಾರ ಆದ್ರೆ ಒಂದ್ಸಲ ಕಳಿಸಿದ ಸಂಖ್ಯೆಯನ್ನ ಸಾವಿರಾರು ಸಲ ಬಳಸ್ತೀವಿ, ಹಾಗಾಗಿ ಸಾಗಣೆ ಖರ್ಚು ವಸೂಲಾಗುತ್ತೆ. ಎಐಗೆ ಜಿಪಿಯು ಅಷ್ಟು ಚೆನ್ನಾಗಿ ಒಗ್ಗಿದ್ದಕ್ಕೆ ಇದೇ ದೊಡ್ಡ ಕಾರಣ, ಅಲ್ಲಿ ಹೆಚ್ಚಿನ ಕೆಲಸ ಮ್ಯಾಟ್ರಿಕ್ಸ್ ಗುಣಾಕಾರನೇ.

ಈ ಸಾಗಣೆಯ ಕಷ್ಟವನ್ನ ಅತಿ ಹೆಚ್ಚು ಉಂಡಿದ್ದು ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಾಲಯದ ರೋಡ್‌ರನ್ನರ್ ಅನ್ನೋ ಸೂಪರ್‌ಕಂಪ್ಯೂಟರ್ ಮೇಲೆ ಕೆಲಸ ಮಾಡಿದೋರು ಅಂತ ನನ್ನ ಅನಿಸಿಕೆ. 2008ರ ಮೇನಲ್ಲಿ ಒಂದು ಪೆಟಾಫ್ಲಾಪ್, ಅಂದ್ರೆ ಸೆಕೆಂಡಿಗೆ ಒಂದರ ಮುಂದೆ ಹದಿನೈದು ಸೊನ್ನೆಯಷ್ಟು ಲೆಕ್ಕ, ದಾಟಿದ ಮೊದಲ ಯಂತ್ರ ಅದು. ಎಎಂಡಿ ಕಂಪನಿಯ ಆಪ್ಟೆರಾನ್ ಸಿಪಿಯು ಒಂದು ಕಡೆ, ಪ್ಲೇಸ್ಟೇಷನ್ 3ರ ಸೆಲ್ ಚಿಪ್ಪಿನ ಸುಧಾರಿಸಿದ ರೂಪ ಇನ್ನೊಂದು ಕಡೆ. ಸೆಲ್ ಒಳಗೆ ಒಂದು ಮಾಮೂಲಿ ಕೋರ್, ಎಂಟು ಲೆಕ್ಕದ ಕೋರ್, ಆ ಎಂಟರಲ್ಲಿ ಪ್ರತಿಯೊಂದಕ್ಕೂ ಬರೀ 256 ಕೆಬಿ ಜಾಗ, ಪ್ರೋಗ್ರಾಮು ಡೇಟಾ ಎರಡೂ ಅದರಲ್ಲೇ ಹಿಡಿಸ್ಬೇಕು, ಏನು ಯಾವಾಗ ಒಳಗೆ ಬರ್ಬೇಕು ಹೊರಗೆ ಹೋಗ್ಬೇಕು ಅನ್ನೋದನ್ನ ಪ್ರೋಗ್ರಾಮರೇ ಕೈಯಾರೆ ಬರೀಬೇಕು. ಒಂದು ಕೆಲಸಕ್ಕೆ ಮೂರು ಥರದ ಕೋರ್‌ಗೆ ಮೂರು ಪ್ರೋಗ್ರಾಮು. 2013ರ ಮಾರ್ಚ್ 31ಕ್ಕೆ ಅದನ್ನ ನಿಲ್ಲಿಸಿಬಿಟ್ರು.

ಆದ್ರೂ ಯಾರೂ ಹಿಂದೆ ಸರೀಲಿಲ್ಲ, ಕರೆಂಟ್ ಬಿಲ್ ಬಿಡ್ಬೇಕಲ್ಲ. ಅಮೆರಿಕದ ಓಕ್ ರಿಜ್ ಪ್ರಯೋಗಾಲಯದಲ್ಲಿದ್ದ ಜಾಗ್ವಾರ್ ಬರೀ ಸಿಪಿಯು ಯಂತ್ರ, 7 ಮೆಗಾವ್ಯಾಟ್ ತಗೊಂಡು 1.75 ಪೆಟಾಫ್ಲಾಪ್ ಕೊಡ್ತಿತ್ತು. 2012ರಲ್ಲಿ ಅದನ್ನೇ 18,688 ಜಿಪಿಯು ಹಾಕಿ ಟೈಟನ್ ಮಾಡಿದ್ರು, 8.2 ಮೆಗಾವ್ಯಾಟ್‌ಗೆ 17.59 ಪೆಟಾಫ್ಲಾಪ್ ಬಂತು. ಈ ಎರಡು ಸಾಲು ಪಕ್ಕಪಕ್ಕ ಇಟ್ರೆ ವಾದ ಮಾಡೋಕೆ ಏನೂ ಉಳಿಯಲ್ಲ.

ನಮ್ಮಲ್ಲೂ ಇದೇ ದಾರಿ. 2011ರಲ್ಲಿ ಇಸ್ರೋ ತಿರುವನಂತಪುರದಲ್ಲಿ 400 ಇಂಟೆಲ್ ಕ್ಸಿಯಾನ್ ಸಿಪಿಯು, 400 ಎನ್‌ವಿಡಿಯಾ ಟೆಸ್ಲಾ ಜಿಪಿಯು ಜೋಡಿಸಿ ಸಾಗಾ-220 ಅನ್ನೋ ಸೂಪರ್‌ಕಂಪ್ಯೂಟರ್ ಕಟ್ಟಿತು. ಬೆಂಗಳೂರಿನ ಐಐಎಸ್‌ಸಿಯಲ್ಲಿ 2015ರ ಸಹಸ್ರಟಿಯಲ್ಲೂ 2022ರ ಪರಮ್ ಪ್ರವೇಗದಲ್ಲೂ ಸಿಪಿಯು ನೋಡ್ (ದೊಡ್ಡ ಯಂತ್ರದೊಳಗಿನ ಒಂದೊಂದು ಬಿಡಿ ಕಂಪ್ಯೂಟರ್) ಬೇರೆ, ಜಿಪಿಯು ನೋಡ್ ಬೇರೆ ಇಟ್ರು, ಕೆಲಸ ಯಾವುದು ಅಂತ ನೋಡಿ ಕಳಿಸೋ ಏರ್ಪಾಡು.

ಕೂಡಿಸೋದೊಂದೇ ದಾರಿ ಅಂತಾನೂ ಅಲ್ಲ. 2020ರಲ್ಲಿ ಜಗತ್ತಿನ ಅತಿ ವೇಗದ ಸೂಪರ್‌ಕಂಪ್ಯೂಟರ್‌ಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಬಂದ ಜಪಾನಿನ ಫುಗಾಕುನಲ್ಲಿ ಜಿಪಿಯುನೇ ಇರ್ಲಿಲ್ಲ. ಆದ್ರೆ ಅವರು ಮಾಡಿದ್ದೇನು ಗೊತ್ತಾ, ಜಿಪಿಯುಗಳಲ್ಲಿ ಬಳಸೋ ವೇಗದ ಎಚ್‌ಬಿಎಂ ಮೆಮೊರಿಯನ್ನ ತಂದು ಸಿಪಿಯು ಪಕ್ಕದಲ್ಲೇ ಕೂರಿಸಿದ್ರು. ತೊಂದರೆ ಇದ್ದಿದ್ದು ಎಲ್ಲಿ ಅಂತ ಅವರಿಗೆ ಸರಿಯಾಗಿ ಗೊತ್ತಿತ್ತು ಅನ್ಸುತ್ತೆ. ಅದೇ ವರ್ಷ ಬಂದ ಆಪಲ್ ಎಂ1 ಚಿಪ್ಪಿನಲ್ಲಿ ನಾಲ್ಕು ದೊಡ್ಡ ಕೋರ್, ನಾಲ್ಕು ಚಿಕ್ಕ ಕೋರ್, ಜಿಪಿಯು, ಎಐ ಲೆಕ್ಕದ ನ್ಯೂರಲ್ ಎಂಜಿನ್ ಎಲ್ಲಕ್ಕೂ ಒಂದೇ ಮೆಮೊರಿ.

2024ರ ನವೆಂಬರ್‌ನಲ್ಲಿ 1.742 ಎಕ್ಸಾಫ್ಲಾಪ್‌ನೊಂದಿಗೆ (ಒಂದು ಎಕ್ಸಾಫ್ಲಾಪ್ ಅಂದ್ರೆ ಸಾವಿರ ಪೆಟಾಫ್ಲಾಪ್) ಮೊದಲ ಸ್ಥಾನಕ್ಕೆ ಬಂದ, ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದ ಎಲ್ ಕ್ಯಾಪಿಟನ್ ಕೂಡ ಹಂಗೇ. ಅದರ ಎಂಐ300ಎ ಚಿಪ್ಪಲ್ಲಿ 24 ಸಿಪಿಯು ಕೋರು, 228 ಜಿಪಿಯು ಘಟಕ ಒಟ್ಟಿಗೆ ಕೂತು ಒಂದೇ 128 ಜಿಬಿ ಮೆಮೊರಿ ಹಂಚ್ಕೊಳ್ತವೆ, ಪಕ್ಕದ ಬೀದೀಲಿದ್ದೋರು ಅಡುಗೆಮನೆಗೇ ಬಂದ್ರು. 8087ಗೂ 8086ಗೂ ಮೆಮೊರಿ ಒಂದೇ ಇತ್ತಲ್ಲ, ಹೆಚ್ಚೂಕಮ್ಮಿ ಅದೇ ಏರ್ಪಾಡು. ಒಂದು ವ್ಯತ್ಯಾಸ ಮಾತ್ರ ಉಳ್ಕೊಂಡಿದೆ, ಆಗ ಯಾವ ಕೆಲಸ ಯಾರದ್ದು ಅಂತ ಐದು ಬಿಟ್ ಹೇಳ್ತಿತ್ತು, ಈಗ ಯಾವ ಲೂಪ್ (ಪ್ರೋಗ್ರಾಮಲ್ಲಿ ಮತ್ತೆ ಮತ್ತೆ ನಡೆಯೋ ಭಾಗ) ಜಿಪಿಯುಗೆ ಹೋಗ್ಬೇಕು ಅಂತ ಕೋಡ್ ಬರೆಯೋರೇ ಕೂತು ಗುರುತು ಹಾಕ್ಬೇಕು.