ತೈವಾನ್ ಸಾಕ್ಷ್ಯಚಿತ್ರ: ಕ್ಯಾಮೆರಾ ಕೈ ಬದಲಾದ ಕತೆ

1986ರ ನವೆಂಬರ್ 30. ತೈಪೆ ಹತ್ತಿರದ ತಾವ್‌ಯುವಾನ್ ವಿಮಾನ ನಿಲ್ದಾಣಕ್ಕೆ ಹೋಗುವ ದಾರಿಯಲ್ಲಿ ಜನವೋ ಜನ. ಅಮೆರಿಕದಲ್ಲಿ ದೇಶಭ್ರಷ್ಟರಾಗಿ ಬದುಕುತ್ತಿದ್ದ ವಿರೋಧಿ ನಾಯಕ ಶು ಶಿನ್-ಲಿಯಾಂಗ್ ಅವತ್ತು ವಾಪಸ್ ಬರುತ್ತಾರೆ ಎಂಬ ಸುದ್ದಿ ಹರಡಿತ್ತು. ಪೊಲೀಸರು, ಸೈನಿಕರು ರಸ್ತೆಗೆ ಅಡ್ಡ ನಿಂತರು. ಜನರ ಮೇಲೆ ನೀರು ಹಾರಿಸಿದರು, ಅಶ್ರುವಾಯು ಸಿಡಿಸಿದರು. ಶು ಅವರನ್ನು ದೇಶದೊಳಗೆ ಬಿಡಲೇ ಇಲ್ಲ. ಆದರೆ ಟಿವಿ ನೋಡಿದವರಿಗೆ ಕಂಡದ್ದು ಪೊಲೀಸರ ಮೇಲೆ ಬಿದ್ದ ಪುಂಡರ ಗುಂಪು. ಆಗ ತೈವಾನ್‌ನಲ್ಲಿ ಇದ್ದದ್ದೇ ಮೂರು ಚಾನೆಲ್. ಮೂರೂ ಸರ್ಕಾರ, ಸೇನೆ, ಆಳುವ ಪಕ್ಷದ ಹಿಡಿತದಲ್ಲಿದ್ದವು. ಮೂರೂ ಒಂದೇ ಕತೆ ಹೇಳಿದವು.

ಆ ದಿನ ಜನರ ನಡುವೆ ಇನ್ನೊಂದು ಕ್ಯಾಮೆರಾ ಇತ್ತು. ಅದೇ ವರ್ಷ ಹುಟ್ಟಿದ್ದ 'ಗ್ರೀನ್ ಟೀಮ್' ಎಂಬ ಸಣ್ಣ ಗುಂಪಿನದು. ವಾಂಗ್ ಚಿ-ಚಾಂಗ್ ಮತ್ತು ಗೆಳೆಯರು ವಿಡಿಯೊ ಕ್ಯಾಮೆರಾ ಹೆಗಲಿಗೇರಿಸಿಕೊಂಡು ಗುಂಪಿನ ಒಳಗೇ ನಿಂತಿದ್ದರು. ಅವರ ಟೇಪಿನಲ್ಲಿ ಕಾಣುವುದು ನೀರಿನ ಏಟು ತಿನ್ನುತ್ತಿರುವವರ ಕಡೆಯ ನೋಟ. ಕಲ್ಲು ಬರುತ್ತಿರುವುದು ಪೊಲೀಸರ ದಿಕ್ಕಿನಿಂದ. ಟೇಪನ್ನು ವಿಎಚ್‌ಎಸ್ ಕ್ಯಾಸೆಟ್‌ಗೆ ಇಳಿಸಿ, ನಕಲು ಮಾಡಿ ಹಂಚಿದರು. ಒಂದು ವಾರ ಕಳೆದರೆ, ಡಿಸೆಂಬರ್ 6ಕ್ಕೆ, ಚುನಾವಣೆ. ಪ್ರಚಾರ ಸಭೆಗಳಲ್ಲಿ ಟಿವಿ ಪೆಟ್ಟಿಗೆ ಇಟ್ಟು ಜನರಿಗೆ ತೋರಿಸಿದರು. ತಾವು ಟಿವಿಯಲ್ಲಿ ನೋಡಿದ ಘಟನೆಯೇ ಇದು, ಆದರೆ ಕತೆ ಪೂರ್ತಿ ಬೇರೆ ಎಂದು ಊರೂರಿನ ಜನರಿಗೆ ಗೊತ್ತಾಗಿದ್ದು ಹೀಗೆ.

ತೈವಾನ್ ಸಾಕ್ಷ್ಯಚಿತ್ರಗಳ ಬಗ್ಗೆ ಬರೆಯುವಾಗ ನಾನು ಈ ಘಟನೆಯಿಂದಲೇ ಶುರು ಮಾಡುವುದಕ್ಕೆ ಕಾರಣವಿದೆ. ಆ ದ್ವೀಪದ ಇತಿಹಾಸದಲ್ಲಿ ಕ್ಯಾಮೆರಾ ಯಾರ ಕೈಲಿತ್ತು ಅನ್ನುವುದು ಅಧಿಕಾರ ಯಾರ ಕೈಲಿತ್ತು ಅನ್ನುವಷ್ಟೇ ದೊಡ್ಡ ಪ್ರಶ್ನೆ. ಎಷ್ಟೋ ಕಾಲ ಎರಡೂ ಒಂದೇ ಕೈಲಿದ್ದವು. ಅದು ಬದಲಾದದ್ದು ಈಚೆಗೆ, ಅದೂ ಸುಮ್ಮನೆ ಆದ ಬದಲಾವಣೆ ಅಲ್ಲ.

ತೈವಾನ್ 1895ರಿಂದ 1945ರ ತನಕ ಜಪಾನಿನ ವಸಾಹತು. 1907ರಲ್ಲಿ ತಕಾಮಾತ್ಸು ಟೊಯೊಜಿರೊ ಎಂಬ ಜಪಾನಿ ದ್ವೀಪವೆಲ್ಲ ಸುತ್ತಿ ಒಂದು ಚಿತ್ರ ತೆಗೆದರು. ಹಣ ಕೊಟ್ಟದ್ದು ವಸಾಹತು ಸರ್ಕಾರ. ರೈಲು, ಸಕ್ಕರೆ ಕಾರ್ಖಾನೆ, ಪಳಗಿದ ಪ್ರಜೆಗಳು: ತಾವು ಎಷ್ಟು ಚೆನ್ನಾಗಿ ಆಳುತ್ತಿದ್ದೇವೆ ಎಂದು ತೋರಿಸಿಕೊಳ್ಳಲು ಇಂಥ ಚಿತ್ರ ಬೇಕಿತ್ತು. 1930ರ ದಶಕದಲ್ಲಿ ಕೆಲವು ಅನುಕೂಲಸ್ಥ ತೈವಾನಿಗಳ ಕೈಗೂ ಸಣ್ಣ ಕ್ಯಾಮೆರಾ ಬಂತು. ತೈನಾನ್‌ನಲ್ಲಿ ಹುಟ್ಟಿದ ಲೇಖಕ ಲಿಯು ನಾ-ಔ ತನ್ನ ಮನೆಯವರನ್ನು, ಓಡಾಡಿದ ಊರುಗಳನ್ನು ಚಿತ್ರೀಕರಿಸಿದರು. ಛಾಯಾಗ್ರಾಹಕ ಡೆಂಗ್ ನಾನ್-ಗುವಾಂಗ್ ಕೂಡ 8 ಎಂಎಂ ಕ್ಯಾಮೆರಾದಲ್ಲಿ ಹೀಗೇ ಮಾಡಿದರು. ಅವು ಮನೆಯೊಳಗಿನ ಚಿತ್ರಗಳು, ಊರಿಗೆ ತೋರಿಸಲು ತೆಗೆದವಲ್ಲ.

ಜಪಾನ್ ಸೋತಿತು. ಚೀನಾದ ಕ್ವೊಮಿಂಟಾಂಗ್ ಪಕ್ಷದ ಸರ್ಕಾರ ದ್ವೀಪದ ಆಡಳಿತ ಹಿಡಿಯಿತು. 1947ರ ಫೆಬ್ರುವರಿ 27ರ ಸಂಜೆ ತೈಪೆಯ ಬೀದಿಯಲ್ಲಿ ಸಿಗರೇಟು ಮಾರುತ್ತಿದ್ದ ಒಬ್ಬ ವಿಧವೆಯನ್ನು ಅಧಿಕಾರಿಗಳು ಹೊಡೆದರು. ಮರುದಿನ ಊರೇ ದಂಗೆ ಎದ್ದಿತು. ಆಮೇಲೆ ಚೀನಾದಿಂದ ಬಂದಿಳಿದ ಸೇನೆ ಜನರನ್ನು ಕೊಂದಿತು. 1992ರ ಸರ್ಕಾರಿ ವರದಿ ಸತ್ತವರ ಸಂಖ್ಯೆಯನ್ನು 18,000ದಿಂದ 28,000 ಎಂದು ಅಂದಾಜು ಮಾಡಿದೆ. 1949ರಲ್ಲಿ ಹೇರಿದ ಸೇನಾ ಕಾನೂನು ತೆಗೆದದ್ದು 1987ರ ಜುಲೈನಲ್ಲಿ. 38 ವರ್ಷ! ಅಷ್ಟೂ ಕಾಲ ಈ ಹತ್ಯಾಕಾಂಡದ ಬಗ್ಗೆ ಮನೆಯೊಳಗೂ ಪಿಸುಮಾತು. ಶಾಲೆಯಲ್ಲಿ ಮಕ್ಕಳು ಮನೆಮಾತು ಆಡಿದರೆ ದಂಡ, ಕೊರಳಿಗೆ ಫಲಕ. ಸರ್ಕಾರದ ಭಾಷೆಯಾದ ಮ್ಯಾಂಡರಿನ್ ಚೀನೀ ಮಾತ್ರ ಆಡಬೇಕು.

ಆ ಕಾಲದ ಸಾಕ್ಷ್ಯಚಿತ್ರ ಎಂದರೆ ಸರ್ಕಾರಿ ಸ್ಟುಡಿಯೊಗಳ ವಾರ್ತಾಚಿತ್ರ. ಥಿಯೇಟರಿನಲ್ಲಿ ಸಿನಿಮಾಕ್ಕೆ ಮೊದಲು ಫಿಲ್ಮ್ಸ್ ಡಿವಿಷನ್‌ನ ರೀಲು ನೋಡಿದ ನಮ್ಮ ಹಿರಿಯರಿಗೆ ಇದರ ಜಾಡು ಗೊತ್ತಿರುತ್ತದೆ: ಅಣೆಕಟ್ಟು ಉದ್ಘಾಟನೆ, ನಾಯಕರ ಕೈಕುಲುಕು, ಮೇಲಿಂದ ಒಂದು ಗಂಭೀರ ದನಿ. ತೈವಾನ್‌ನಲ್ಲಿ ಆ ದನಿಗೆ ಎದುರು ಮಾತೇ ಇರಲಿಲ್ಲ.

ಆದರೂ ಅಲ್ಲಲ್ಲಿ ಬಿರುಕು ಬಿಟ್ಟಿತು. ಅಮೆರಿಕದಲ್ಲಿ ಸಿನಿಮಾ ಕಲಿತು ಬಂದ ಚೆನ್ ಯಾವ್-ಚಿ 1967ರಲ್ಲಿ 'ಲಿಯು ಪಿ-ಚಿಯಾ' ಎಂಬ ಪುಟ್ಟ ಚಿತ್ರ ಮಾಡಿದರು. ಲಿಯು ಪಿ-ಚಿಯಾ ಒಬ್ಬ ನಿವೃತ್ತ ಸಿಪಾಯಿ. ಸೇನೆ ಚೀನಾದಿಂದ ಬಲವಂತವಾಗಿ ಎಳೆದು ತಂದಿದ್ದ ಲಕ್ಷಾಂತರ ಜನರಲ್ಲಿ ಒಬ್ಬ. ಈಗ ಹುವಾಲಿಯೆನ್‌ನಲ್ಲಿ ಕಲ್ಲು ಹೊತ್ತು, ಒಡ್ಡು ಕಟ್ಟುವ ಕೂಲಿ. ಚಿತ್ರದಲ್ಲಿ ಅವನನ್ನು ಹೊಗಳುವುದೂ ಇಲ್ಲ, ಅವನಿಂದ ಘೋಷಣೆ ಕೂಗಿಸುವುದೂ ಇಲ್ಲ. ಅವನು ಕೆಲಸ ಮಾಡುತ್ತಾನೆ, ದಣಿಯುತ್ತಾನೆ, ತನ್ನ ಕತೆ ಹೇಳುತ್ತಾನೆ. ಇಷ್ಟೇ. ಒಬ್ಬ ಸಾಮಾನ್ಯ ಮನುಷ್ಯನ ಮುಖವನ್ನು ಅಷ್ಟು ಹೊತ್ತು ನೋಡಬಹುದು ಎಂಬುದೇ ಆಗ ಹೊಸದು.

1970ರ ದಶಕದಲ್ಲಿ ಟಿವಿಯ ಒಳಗಿನಿಂದಲೂ ಕೆಲವರು ದಾರಿ ಹುಡುಕಿದರು. ಛಾಯಾಗ್ರಾಹಕ ಚಾಂಗ್ ಚಾವ್-ತಾಂಗ್ 1979ರಲ್ಲಿ ಮಾಡಿದ ದೋಣಿ ಸುಡುವ ಹಬ್ಬದ ಚಿತ್ರದಲ್ಲಿ ಮಾತಿಲ್ಲ, ವಿವರಣೆ ಇಲ್ಲ. ಇಂಗ್ಲೆಂಡಿನ ಸಂಗೀತಗಾರ ಮೈಕ್ ಓಲ್ಡ್‌ಫೀಲ್ಡ್‌ನ ಸಂಗೀತದ ಜೊತೆ ದಕ್ಷಿಣ ತೈವಾನಿನ ಹಳ್ಳಿಗರು ದೇವರ ದೋಣಿ ಎಳೆಯುತ್ತಾರೆ, ಬೆಂಕಿ ಇಡುತ್ತಾರೆ. ಮೇಲಿಂದ ಬರುವ ಆ ಗಂಭೀರ ದನಿಯನ್ನು ತೆಗೆದೇ ಹಾಕಿದ್ದು ದೊಡ್ಡ ಧೈರ್ಯ ಎಂದೇ ನನಗೆ ಅನಿಸುತ್ತದೆ.

ಮತ್ತೆ ಗ್ರೀನ್ ಟೀಮ್ ಕಡೆ ಬರೋಣ. 1986ರಿಂದ 1990ರ ತನಕ ಈ ಗುಂಪು ಹೋಗದ ಚಳವಳಿ ಇಲ್ಲ. ಕಾರ್ಮಿಕರು, ವಿದ್ಯಾರ್ಥಿಗಳು, ಮೂಲನಿವಾಸಿಗಳು, ಕಾರ್ಖಾನೆಯ ವಿಷದ ವಿರುದ್ಧ ನಿಂತ ಊರಿನವರು, ಎಲ್ಲರ ಜೊತೆಗೂ ಇದ್ದರು. 1988ರ ಮೇ 20ರಂದು ಅಮೆರಿಕದ ಕೃಷಿ ಆಮದಿನ ವಿರುದ್ಧ ದಕ್ಷಿಣದ ರೈತರು ತೈಪೆಗೆ ಬಂದರು. ಮಧ್ಯಾಹ್ನ ಶುರುವಾದ ಗಲಾಟೆ ರಾತ್ರಿಯಿಡೀ ನಡೆಯಿತು. ರೈತರು ಲಾರಿಯಲ್ಲಿ ಎಲೆಕೋಸಿನ ಅಡಿ ಕಲ್ಲು ಬಚ್ಚಿಟ್ಟು ತಂದಿದ್ದರು ಎಂದು ಪೊಲೀಸರು ಆರೋಪ ಹೊರಿಸಿದರು. ಅವತ್ತೂ ಗ್ರೀನ್ ಟೀಮ್ ಬೀದಿಯಲ್ಲೇ ಇತ್ತು. ಈ ಗುಂಪು ಚಿತ್ರೀಕರಿಸಿದ್ದು ಒಟ್ಟು ಸುಮಾರು 3,000 ಗಂಟೆ. ಆ ಟೇಪುಗಳು ಈಗ ತೈನಾನ್‌ನ ಕಲಾ ವಿಶ್ವವಿದ್ಯಾಲಯದ ಸಂಗ್ರಹದಲ್ಲಿವೆ. ಚಿತ್ರ ಅಲುಗಾಡುತ್ತದೆ, ಬಣ್ಣ ಮಾಸಿದೆ, ಸಂಕಲನ ಒರಟು. ಆದರೂ ಆ ದಶಕವನ್ನು ಜನರ ಕಣ್ಣಿನಿಂದ ನೋಡಬೇಕೆಂದರೆ ಅಲ್ಲಿಗೇ ಹೋಗಬೇಕು.

ಸೇನಾ ಕಾನೂನು ಹೋದ ಮೇಲೆ ಪ್ರಶ್ನೆ ಬದಲಾಯಿತು. ಸರ್ಕಾರದ ಕೈಯಿಂದ ಕ್ಯಾಮೆರಾ ಬಿಡಿಸಿಕೊಂಡದ್ದೇನೋ ಸರಿ, ಆದರೆ ಅದು ಹೋಗಿ ಸೇರಿದ್ದು ಯಾರಿಗೆ? ತೈಪೆಯ ಓದಿದವರಿಗೆ ಮಾತ್ರವೇ?

ಇದನ್ನು ಗಂಭೀರವಾಗಿ ತೆಗೆದುಕೊಂಡವರು ಇಬ್ಬರು. ಒಬ್ಬರು ಮಾನವಶಾಸ್ತ್ರಜ್ಞೆ ಹು ತಾಯ್-ಲಿ. 1993ರ 'ವಾಯ್ಸಸ್ ಆಫ್ ಆರ್ಕಿಡ್ ಐಲ್ಯಾಂಡ್' ಅವರದು. ಆರ್ಕಿಡ್ ದ್ವೀಪ ಅಂದರೆ ಲಾನ್‌ಯು, ತಾವ್ ಎಂಬ ಮೂಲನಿವಾಸಿಗಳ ನೆಲ. 1982ರಿಂದ ತೈವಾನಿನ ಅಣು ವಿದ್ಯುತ್ ಸ್ಥಾವರಗಳ ತ್ಯಾಜ್ಯವನ್ನು ಅಲ್ಲಿ ತಂದು ಇಟ್ಟಿದ್ದಾರೆ. ಮೀನು ಡಬ್ಬಿಗೆ ತುಂಬುವ ಕಾರ್ಖಾನೆ ಕಟ್ಟುತ್ತಿದ್ದೇವೆ ಎಂದು ಹೇಳಿ ನಂಬಿಸಿದರು ಎನ್ನುತ್ತಾರೆ ದ್ವೀಪದವರು. ಹು ಅವರ ಚಿತ್ರದಲ್ಲಿ ತ್ಯಾಜ್ಯದ ವಿರುದ್ಧ ಹೋರಾಟ ಇದೆ. ಬಸ್ಸಿಳಿದು ಲಂಗೋಟಿ ಉಟ್ಟ ಮುದುಕರ ಫೋಟೊ ಹೊಡೆಯುವ ಪ್ರವಾಸಿಗರಿದ್ದಾರೆ. ಅದಕ್ಕೂ ಮೊದಲು ಬರುವುದು ಒಂದು ಮಾತುಕತೆ. ನಿರ್ದೇಶಕಿ ದ್ವೀಪದವರ ಜೊತೆ ಕೂತಿದ್ದಾರೆ, ಹೊರಗಿನವರು ಬಂದು ನಮ್ಮನ್ನು ಅಧ್ಯಯನ ಮಾಡಿದಷ್ಟೂ ನಮಗೆ ಹಾನಿಯೇ ಜಾಸ್ತಿ ಎಂಬ ಅರ್ಥದ ಮಾತನ್ನು ದ್ವೀಪದವರು ನಿರ್ದೇಶಕಿಯ ಮುಖಕ್ಕೇ ಹೇಳುತ್ತಾರೆ. ಹು ಅದನ್ನು ಕತ್ತರಿಸಿ ಹಾಕಬಹುದಿತ್ತು, ಅಲ್ವಾ? ಚಿತ್ರದ ಬಾಗಿಲಲ್ಲೇ ಇಟ್ಟರು.

ಇನ್ನೊಬ್ಬರು ವು ಯಿ-ಫೆಂಗ್. 1988ರಲ್ಲಿ ಶುರುವಾದ ಅವರ 'ಫುಲ್ ಶಾಟ್' ಸಂಸ್ಥೆ 1990ರ ದಶಕದಲ್ಲಿ ಊರೂರಿಗೆ ಹೋಗಿ ಸಾಮಾನ್ಯ ಜನರಿಗೆ ಕ್ಯಾಮೆರಾ ಹಿಡಿಯುವುದನ್ನು ಕಲಿಸಿತು. ನಿಮ್ಮ ಊರಿನ ಕತೆ ನೀವೇ ಹೇಳಿ ಎನ್ನುವುದು ಅವರ ನಿಲುವು. ಇದೇ ಹೊತ್ತಿಗೆ ಮೂಲನಿವಾಸಿಗಳೂ ನಿರ್ದೇಶಕರಾದರು. ಅಮಿಸ್ ಸಮುದಾಯದ ಮಯಾವ್ ಬಿಹೊ 1997ರಲ್ಲಿ ತೈಪೆ ಸಮೀಪ ಸೇತುವೆಯ ಅಡಿ ಗುಡಿಸಲು ಹಾಕಿಕೊಂಡ ತಮ್ಮ ಜನರ ಮಕ್ಕಳನ್ನು ಚಿತ್ರೀಕರಿಸಿದರು. ಸರ್ಕಾರ ಗುಡಿಸಲು ಕೆಡವುತ್ತದೆ, ಜನ ಮತ್ತೆ ಕಟ್ಟುತ್ತಾರೆ, ಮತ್ತೆ ಕೆಡವುತ್ತದೆ. 1998ರಲ್ಲಿ ಸಾರ್ವಜನಿಕ ಟಿವಿ ಶುರುವಾಯಿತು, ಅದೇ ವರ್ಷ ತೈವಾನ್ ಅಂತರರಾಷ್ಟ್ರೀಯ ಸಾಕ್ಷ್ಯಚಿತ್ರೋತ್ಸವವೂ ಹುಟ್ಟಿತು. ಚಿತ್ರ ಮಾಡಿದವರಿಗೆ ತೋರಿಸಲು ಜಾಗ ಸಿಕ್ಕಿತು.

1999ರ ಸೆಪ್ಟೆಂಬರ್ 21ರ ಬೆಳಗಿನ ಜಾವ 1.47ಕ್ಕೆ ಮಧ್ಯ ತೈವಾನಿನಲ್ಲಿ ಭೂಮಿ ನಡುಗಿತು. 2,400ಕ್ಕೂ ಹೆಚ್ಚು ಜನ ಸತ್ತರು. ವು ಮತ್ತು ತಂಡ ಅಲ್ಲಿಗೆ ಹೋಗಿ ನೆಲೆಸಿತು. ಬೆಟ್ಟವೇ ಕುಸಿದು ಹಳ್ಳಿ ಮುಚ್ಚಿಹೋದ ಜಾಗದಲ್ಲಿ ತಮ್ಮವರಿಗಾಗಿ ಕಾಯುತ್ತಿದ್ದ ನಾಲ್ಕು ಕುಟುಂಬಗಳ ಜೊತೆ ವರ್ಷಗಟ್ಟಲೆ ಇದ್ದು ಮಾಡಿದ 'ಗಿಫ್ಟ್ ಆಫ್ ಲೈಫ್' 2004ರಲ್ಲಿ ಥಿಯೇಟರ್‌ಗೆ ಬಂತು. ಜನ ಟಿಕೆಟ್ ಕೊಂಡು ಸಾಕ್ಷ್ಯಚಿತ್ರ ನೋಡಲು ಬಂದರು. ಗಳಿಕೆ ಒಂದು ಕೋಟಿ ತೈವಾನ್ ಡಾಲರ್ ದಾಟಿತು. ಅದೇ ಕಾಲದಲ್ಲಿ ತೈನಾನ್‌ನ ಮುದಿ ಭತ್ತದ ರೈತರ ಮೇಲಿನ 'ಲೆಟ್ ಇಟ್ ಬಿ' ಕೂಡ ಗೆದ್ದಿತು. ಚಿತ್ರದುದ್ದಕ್ಕೂ ಅವರು ಆಡುವುದು ಹಿಂದೆ ಶಾಲೆಯಲ್ಲಿ ದಂಡ ಬೀಳುತ್ತಿದ್ದ ಅದೇ ತೈವಾನಿ ಭಾಷೆ. ಈ ಅಲೆಯನ್ನು ಟೀಕಿಸಿದವರೂ ಇದ್ದರು. ಬರೀ ಕಣ್ಣೀರು ತರಿಸುತ್ತಾರೆ, ಯಾಕೆ ಹೀಗಾಯಿತು ಎಂದು ಕೇಳುವುದಿಲ್ಲ ಎಂಬುದು ಅವರ ತಕರಾರು. ಅದರಲ್ಲಿ ಹುರುಳಿದೆ. ಆದರೆ ರೈತರು, ಮನೆ ಕಳೆದುಕೊಂಡವರು ದೊಡ್ಡ ಪರದೆಯಲ್ಲಿ ಮೊದಲ ಸಲ ಇಷ್ಟು ಹೊತ್ತು ಮಾತಾಡಿದ್ದನ್ನು ನಾನು ಸಣ್ಣದು ಅನ್ನಲಾರೆ.

ಹಣದ ಲೆಕ್ಕದಲ್ಲಿ ಎಲ್ಲವನ್ನೂ ಮೀರಿದ್ದು ಚಿ ಪೊ-ಲಿನ್ ಅವರ 2013ರ 'ಬಿಯಾಂಡ್ ಬ್ಯೂಟಿ'. ಸರ್ಕಾರಿ ಕೆಲಸ ಬಿಟ್ಟು, ಮನೆ ಅಡವಿಟ್ಟು, ಹೆಲಿಕಾಪ್ಟರಿನಿಂದ ದ್ವೀಪವನ್ನು ಚಿತ್ರೀಕರಿಸಿದರು. ಗಳಿಕೆ 20 ಕೋಟಿ ತೈವಾನ್ ಡಾಲರ್ ದಾಟಿತು. ಮೇಲಿಂದ ನೋಡಿದಾಗ ನದಿಯ ಬಣ್ಣ ಬದಲಾಗಿದ್ದು, ಬೆಟ್ಟ ಬೋಳಾಗಿದ್ದು ಎಲ್ಲರಿಗೂ ಕಂಡಿತು. 2017ರ ಜೂನ್ 8ರಂದು ಎರಡನೇ ಭಾಗ ಮಾಡುತ್ತೇನೆ ಎಂದು ಘೋಷಿಸಿದ್ದರು. ಎರಡೇ ದಿನಕ್ಕೆ, ಜೂನ್ 10ರಂದು, ಅದರ ಚಿತ್ರೀಕರಣದಲ್ಲಿದ್ದಾಗಲೇ ಹೆಲಿಕಾಪ್ಟರ್ ಅಪಘಾತದಲ್ಲಿ ತೀರಿಕೊಂಡರು.

ನನಗೆ ಎಲ್ಲಕ್ಕಿಂತ ಹತ್ತಿರವಾದ ಚಿತ್ರ ಮಾತ್ರ ಒಂದು ಮನೆಯೊಳಗೇ ನಡೆಯುತ್ತದೆ. ಹುವಾಂಗ್ ಹುಯಿ-ಚೆನ್ ಅವರ 2016ರ 'ಸ್ಮಾಲ್ ಟಾಕ್'. ಹುವಾಂಗ್ ಚಿಕ್ಕಂದಿನಲ್ಲೇ ಅಮ್ಮನ ಜೊತೆ ಸಾವಿನ ಮನೆಗಳಲ್ಲಿ ಹಾಡಿ ಕುಣಿದು ಸತ್ತವರನ್ನು ಕಳಿಸಿಕೊಡುವ ಕೆಲಸಕ್ಕೆ ಹೋಗುತ್ತಿದ್ದರು. ಶಾಲೆ ಅರ್ಧಕ್ಕೇ ನಿಂತಿತು. ಇಪ್ಪತ್ತರ ವಯಸ್ಸಿನಲ್ಲಿ ಯಾರೋ ಅವರ ಬಗ್ಗೆಯೇ ಸಾಕ್ಷ್ಯಚಿತ್ರ ತೆಗೆಯಲು ಬಂದರು. ಆಗ ಅವರಿಗೆ ಹೊಳೆದದ್ದು, ಇದನ್ನು ನಾನೇ ಮಾಡಬಹುದಲ್ಲ ಎಂದು. ಕ್ಯಾಮೆರಾ ಕೊಂಡರು. ಅಮ್ಮ ಹೆಣ್ಣನ್ನು ಪ್ರೀತಿಸುವ ಹೆಣ್ಣು ಎಂದು ಮಗಳಿಗೆ ಗೊತ್ತು, ಸಂಬಂಧಿಕರಿಗೂ ಗೊತ್ತು. ಯಾರೂ ಬಾಯಿ ಬಿಡುವುದಿಲ್ಲ. ಒಂದೇ ಸೂರಿನಡಿ ಇದ್ದರೂ ಅಮ್ಮ-ಮಗಳ ನಡುವೆ ಮಾತು ಕಡಿಮೆ. ಕೊನೆಗೊಂದು ದಿನ ಊಟದ ಮೇಜಿನ ಆಚೆ ಈಚೆ ಇಬ್ಬರೂ ಕೂರುತ್ತಾರೆ, ಕ್ಯಾಮೆರಾ ಓಡುತ್ತಿರುತ್ತದೆ. ಮಗಳು ಅಪ್ಪನಿಂದ ತನಗಾದ ದೌರ್ಜನ್ಯವನ್ನು ಹೇಳುತ್ತಾಳೆ. ಅಮ್ಮ ಸುಮ್ಮನಿರುತ್ತಾಳೆ. ಆ ಮೌನ ಎಷ್ಟು ಉದ್ದವಿದೆ ಎಂದರೆ ನೋಡುವವರು ಕೂತಲ್ಲೇ ಚಡಪಡಿಸುತ್ತಾರೆ. 2017ರ ಫೆಬ್ರುವರಿಯಲ್ಲಿ ಬರ್ಲಿನ್ ಚಿತ್ರೋತ್ಸವದಲ್ಲಿ ಇದಕ್ಕೆ ಸಲಿಂಗಿಗಳ ಬದುಕಿನ ಚಿತ್ರಗಳಿಗೆ ಕೊಡುವ ಟೆಡ್ಡಿ ಪ್ರಶಸ್ತಿ ಬಂತು. ಅದೇ ವರ್ಷ ಮೇ 24ರಂದು ಸಲಿಂಗ ಮದುವೆಗೆ ತಡೆ ಒಡ್ಡುವುದು ಸಂವಿಧಾನಕ್ಕೆ ವಿರುದ್ಧ ಎಂದು ತೈವಾನಿನ ಸಾಂವಿಧಾನಿಕ ನ್ಯಾಯಾಲಯ ತೀರ್ಪು ಕೊಟ್ಟಿತು. ಎರಡು ವರ್ಷಕ್ಕೆ ಕಾನೂನೂ ಆಯಿತು.

'ನಾವು ಯಾರು' ಎಂದು ತೈವಾನ್ ತನ್ನನ್ನೇ ಕೇಳಿಕೊಳ್ಳುವುದು ಬೀದಿಯಲ್ಲೂ ನಡೆದಿತ್ತು. ಚೀನಾ ಜೊತೆಗಿನ ಸೇವಾ ವ್ಯಾಪಾರ ಒಪ್ಪಂದವನ್ನು ವಿರೋಧಿಸಿ 2014ರ ಮಾರ್ಚ್ 18ರಂದು ವಿದ್ಯಾರ್ಥಿಗಳು ಸಂಸತ್ತಿಗೇ ನುಗ್ಗಿ ಕೂತರು. ಆ ಚಳವಳಿಯ ನಾಯಕನೊಬ್ಬನನ್ನೂ ಚೀನಾದಿಂದ ಓದಲು ಬಂದ ಹುಡುಗಿಯೊಬ್ಬಳನ್ನೂ ಹಿಂಬಾಲಿಸಿ ಫು ಯು 'ಅವರ್ ಯೂತ್ ಇನ್ ತೈವಾನ್' ಮಾಡಿದರು. ಇದು ಗೆಲುವಿನ ಚಿತ್ರ ಅಲ್ಲ. ನಂಬಿದವರ ಮೇಲೆ ಭರವಸೆ ಕುಸಿಯುವುದನ್ನು ನಿರ್ದೇಶಕಿ ಮುಚ್ಚಿಡುವುದಿಲ್ಲ. 2018ರ ನವೆಂಬರ್‌ನಲ್ಲಿ ತೈವಾನಿನ ಗೋಲ್ಡನ್ ಹಾರ್ಸ್ ಸಿನಿಮಾ ಪ್ರಶಸ್ತಿ ಪಡೆದಾಗ, ನಮ್ಮ ದೇಶವನ್ನು ನಿಜವಾಗಿ ಸ್ವತಂತ್ರವೆಂದು ಜಗತ್ತು ಕಾಣುವ ದಿನ ಬರಲಿ ಎಂದು ವೇದಿಕೆಯಲ್ಲಿ ಹಾರೈಸಿದರು. ಚೀನಾದಲ್ಲಿ ನೇರ ಪ್ರಸಾರ ಕಡಿದುಹೋಯಿತು. ಮುಂದಿನ ವರ್ಷ ಚೀನಾ ಆ ಪ್ರಶಸ್ತಿಯನ್ನೇ ಬಹಿಷ್ಕರಿಸಿತು.

ಈಚಿನ ಚಿತ್ರಗಳು ಬೊಟ್ಟು ಮಾಡುವುದು ಹೊರಗಿನವರ ಕಡೆಗಿಂತ ತೈವಾನ್ ಕಡೆಗೇ ಜಾಸ್ತಿ. 2017ರ ಆಗಸ್ಟ್ 31ರಂದು ಶಿನ್‌ಚು ಜಿಲ್ಲೆಯಲ್ಲಿ ಪೊಲೀಸನೊಬ್ಬ ವಿಯೆಟ್ನಾಂನ ವಲಸೆ ಕಾರ್ಮಿಕನ ಮೇಲೆ ಒಂಬತ್ತು ಗುಂಡು ಹಾರಿಸಿದ. ತ್ಸಾಯ್ ತ್ಸುಂಗ್-ಲುಂಗ್ 2022ರ ತಮ್ಮ ಚಿತ್ರವನ್ನು ಕಟ್ಟಿದ್ದು ಪೊಲೀಸರ ಮೈಮೇಲಿದ್ದ ಕ್ಯಾಮೆರಾದ ದೃಶ್ಯಗಳ ಸುತ್ತ. ಆ ಯುವಕ ನೆಲದ ಮೇಲೆ ಒದ್ದಾಡುತ್ತಿದ್ದಾನೆ, ಸುತ್ತ ನಿಂತವರು ನೋಡುತ್ತಿದ್ದಾರೆ. ಮೊದಲು ಬಂದ ಆಂಬುಲೆನ್ಸ್ ಕರೆದೊಯ್ಯುವುದು ಅವನನ್ನಲ್ಲ. 1986ರಲ್ಲಿ ಪೊಲೀಸರ ಎದುರು ನಿಂತ ಕ್ಯಾಮೆರಾ ಸಾಕ್ಷಿಯಾಗಿತ್ತು, ಇಲ್ಲಿ ಪೊಲೀಸರದೇ ಕ್ಯಾಮೆರಾ ಸಾಕ್ಷಿ.

2024ರ ಗೋಲ್ಡನ್ ಹಾರ್ಸ್ ಸಾಕ್ಷ್ಯಚಿತ್ರ ಪ್ರಶಸ್ತಿ ಹೋದದ್ದು ಮಲೇಷ್ಯಾದಲ್ಲಿ ಹುಟ್ಟಿ ತೈವಾನ್‌ನಲ್ಲಿ ನೆಲೆಸಿದ ಲಾವ್ ಕೆಕ್-ಹುವಾತ್ ಅವರ 'ಫ್ರಂ ಐಲ್ಯಾಂಡ್ ಟು ಐಲ್ಯಾಂಡ್'ಗೆ. ಸುಮಾರು ಐದು ಗಂಟೆಯ ಚಿತ್ರ. ಎರಡನೇ ಮಹಾಯುದ್ಧದಲ್ಲಿ ಜಪಾನಿ ಸೇನೆಯ ಜೊತೆ ಆಗ್ನೇಯ ಏಷ್ಯಾಕ್ಕೆ ಹೋದ ತೈವಾನಿಗಳು ಅಲ್ಲಿ ಏನು ಮಾಡಿದರು, ಏನು ನೋಡಿದರು ಎಂದು ಅದು ಕೇಳುತ್ತದೆ. ವಸಾಹತಿನ ಬಲಿಪಶುಗಳು ಎಂದೇ ತಮ್ಮನ್ನು ಕಂಡುಕೊಂಡ ಸಮಾಜಕ್ಕೆ ಈ ಪ್ರಶ್ನೆ ಹಿತವಾಗಿರಲು ಸಾಧ್ಯವಿಲ್ಲ. ಅದನ್ನು ಕೇಳಿದ್ದು ಜಪಾನಿ ಸೇನೆಯ ಕ್ರೌರ್ಯ ಕಂಡ ಇನ್ನೊಂದು ನಾಡಿನಿಂದ ಬಂದ ಒಬ್ಬ ನಿರ್ದೇಶಕ. ತೈವಾನ್ ಆ ಚಿತ್ರಕ್ಕೆ ತನ್ನ ಅತಿ ದೊಡ್ಡ ಪ್ರಶಸ್ತಿ ಕೊಟ್ಟಿತು.