ಹಾಳೆ ಹಾಳೆಯಾಗಿ ಹೋದ ಶಾಹನಾಮೆ

2022ರಲ್ಲಿ ಲಂಡನ್ನಿನ ಹರಾಜಿನಲ್ಲಿ ಒಂದೇ ಒಂದು ಹಾಳೆ 80 ಲಕ್ಷ ಪೌಂಡ್‌ಗೂ ಜಾಸ್ತಿ ಬೆಲೆಗೆ ಹೋಯಿತು. ವೀರ ರುಸ್ತುಮ್ ತನ್ನ ಕುದುರೆ ರಖ್ಶ್ ಅನ್ನು ಶತ್ರುವಿನ ಹಿಂಡಿನಿಂದ ಬಿಡಿಸಿಕೊಳ್ಳುವ ಚಿತ್ರ ಅದು. ಅದೇ ಪುಸ್ತಕದ ಬೇರೆ ಹಾಳೆಗಳು ನ್ಯೂಯಾರ್ಕ್, ಟೆಹರಾನ್, ಟೊರಾಂಟೊದಲ್ಲಿವೆ. ಒಂದು ಪುಸ್ತಕ ಹೀಗೆ ಚೆದುರಿದ್ದು ಹೇಗೆ?

ಪರ್ಷಿಯನ್ ಕವಿ ಫಿರ್ದೌಸಿ, ಇರಾನಿನ ರಾಜರ ಕಥೆ ಹೇಳುವ ಶಾಹನಾಮೆ ಕಾವ್ಯವನ್ನು ಮುಗಿಸಿದ್ದು 1010ರಲ್ಲಿ. ಐದು ಶತಮಾನಗಳ ನಂತರ, 1520ರ ದಶಕದಲ್ಲಿ, ಇರಾನಿನ ತಬ್ರೀಜ್ ನಗರದ ಅರಮನೆಯಲ್ಲಿ ಅದರ ಒಂದು ಕೈಬರಹದ ಪ್ರತಿಯ ಕೆಲಸ ಶುರುವಾಯಿತು. ಅದೇ ಇರಾನಿನ ದೊರೆ ಶಾ ತಹಮಾಸ್ಪನ ಶಾಹನಾಮೆ: 759 ಹಾಳೆ, 258 ಚಿತ್ರ. 1568ರಲ್ಲಿ ಅದು ಒಟ್ಟೊಮನ್ ಸುಲ್ತಾನ ಎರಡನೇ ಸೆಲೀಮನಿಗೆ ಉಡುಗೊರೆಯಾಗಿ ಹೋಯಿತು. 1903ರಲ್ಲಿ ಪ್ಯಾರಿಸ್ಸಿನ ಪ್ರದರ್ಶನದಲ್ಲಿ ಕಂಡಾಗ ರಾಥ್‌ಚೈಲ್ಡ್ ಮನೆತನದ ಕೈಯಲ್ಲಿತ್ತು. ಅಲ್ಲಿಯವರೆಗೂ ಅದು ಇಡೀ ಪುಸ್ತಕವೇ.

1959ರಲ್ಲಿ ಅಮೆರಿಕದ ಸಂಗ್ರಾಹಕ ಆರ್ಥರ್ ಹೌಟನ್ ಅದನ್ನು ಕೊಂಡರು. ಮುಂದೆ ಹೊಲಿಗೆ ಬಿಚ್ಚಿತು. 1970ರಲ್ಲಿ 78 ಚಿತ್ರಗಳು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿಗೆ ಕೊಡುಗೆಯಾಗಿ ಬಂದವು. 1976ರಲ್ಲಿ ಏಳು ಹಾಳೆಗಳು ಹರಾಜಾದವು. ಆಮೇಲೂ ಮಾರಾಟ ನಿಲ್ಲಲಿಲ್ಲ. ಬಿಡಿ ಹಾಳೆಗೆ ಕೊಳ್ಳುವವರಿದ್ದರು, ಅದನ್ನು ತೂಗುಹಾಕಲು ಗೋಡೆಗಳೂ ಇದ್ದವು.

ಆದರೆ ಇವು ಗೋಡೆಗೆಂದು ಬರೆದ ಚಿತ್ರಗಳಲ್ಲ ಅಲ್ವಾ? ಹಾಳೆಯ ಒಂದು ಬದಿ ಚಿತ್ರ, ಹಿಂಬದಿಯಲ್ಲಿ ಅಂದದ ಅಕ್ಷರದಲ್ಲಿ ಬರೆದ ಕಾವ್ಯ. ಓದುತ್ತಾ ಹಾಳೆ ತಿರುವಿದಾಗ ಚಿತ್ರ ಎದುರಾಗಬೇಕು. ಫ್ರೇಮ್ ಹಾಕಿದ ಮೇಲೆ ಆ ಬದಿಯ ಸಾಲುಗಳು ಯಾರಿಗೂ ಕಾಣುವುದಿಲ್ಲ. ನನಗೆ ದೊಡ್ಡ ನಷ್ಟ ಅನ್ನಿಸುವುದು ಇದೇ.

ಹೌಟನ್ 1990ರಲ್ಲಿ ತೀರಿಕೊಂಡರು. ಉಳಿದ 118 ಚಿತ್ರಗಳು, ಬರಹದ ಹಾಳೆಗಳು ಮತ್ತು ರಟ್ಟು 1994ರಲ್ಲಿ ಇರಾನಿಗೆ ಮರಳಿದವು. ವಿನಿಮಯ ನಡೆದದ್ದು ವಿಯೆನ್ನಾದ ವಿಮಾನ ನಿಲ್ದಾಣದಲ್ಲಿ. ಟೆಹರಾನಿನ ಮ್ಯೂಸಿಯಂ ಬದಲಿಗೆ ಕೊಟ್ಟದ್ದು ಕಲಾವಿದ ಡಿ ಕೂನಿಂಗ್ ಬರೆದ ಒಬ್ಬ ಹೆಂಗಸಿನ ಚಿತ್ರ. 1979ರ ಇಸ್ಲಾಮಿಕ್ ಕ್ರಾಂತಿಯ ನಂತರ ಅಲ್ಲಿ ಅದನ್ನು ಪ್ರದರ್ಶಿಸುವಂತಿರಲಿಲ್ಲ. 2006ರಲ್ಲಿ ಆ ಚಿತ್ರ 13.75 ಕೋಟಿ ಡಾಲರಿಗೆ ಮಾರಾಟವಾದಾಗ, ಇರಾನ್ ಮೋಸಹೋಯಿತು ಎಂದವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಅಷ್ಟು ಹಾಳೆಗಳು ಒಟ್ಟಿಗೆ ಉಳಿದವಲ್ಲ.

ಈ ಪುಸ್ತಕದ ಅತಿ ಹೆಸರುವಾಸಿ ಚಿತ್ರ ಮಾತ್ರ ಆ ಕಂತೆಯಲ್ಲಿ ಇರಲಿಲ್ಲ. ಸುಲ್ತಾನ್ ಮುಹಮ್ಮದ್ ಬರೆದ ಗಯೂಮರ್ಸನ ಆಸ್ಥಾನ ಅದು. ಬೆಟ್ಟದ ತುದಿಯಲ್ಲಿ ರಾಜ, ಸುತ್ತ ಚಿರತೆಯ ಚರ್ಮ ತೊಟ್ಟ ಜನ, ಬಂಡೆಗಳೊಳಗೆ ಅಡಗಿದ ಮುಖಗಳು. ಶಾಹನಾಮೆಯ ಕಥೆ ಶುರುವಾಗುವುದೇ ಈ ಮೊದಲ ರಾಜನಿಂದ. ಅವನೀಗ ಟೊರಾಂಟೊದ ಆಗಾ ಖಾನ್ ಮ್ಯೂಸಿಯಮ್ಮಿನಲ್ಲಿದ್ದಾನೆ. ರಟ್ಟು ಟೆಹರಾನಿನಲ್ಲಿದೆ.