ಚರಂಡಿಯ ಇಳಿಜಾರಿಗೆ ಬಿದ್ದ ಜಲ್ಲಿ: ದಯವಿಟ್ಟು ಕೆಳಕ್ಕೆ ಎಳೆಯಬೇಡಿ

ಹಿಮ ಕರಗಿ ಎರಡು ವಾರ ಕಳೆಯುವಷ್ಟರಲ್ಲಿ ನನಗೆ ಒಂದೇ ತರಹದ ಫೋನು ಬರಲು ಶುರುವಾಗುತ್ತದೆ. "ಚಳಿಗಾಲ ಪೂರ್ತಿ ಹಿಮ ತಳ್ಳುವ ಗಾಡಿ ರಸ್ತೆಯ ಜಲ್ಲಿಯನ್ನೆಲ್ಲ ನಮ್ಮ ಮನೆ ಮುಂದಿನ ಚರಂಡಿಗೆ ಎಸೆದಿತ್ತು. ಹುಲ್ಲಿನ ಮೇಲಿದ್ದದ್ದನ್ನೆಲ್ಲ ನಾವೇ ಕೆಳಕ್ಕೆ ಎಳೆದು ಚೊಕ್ಕ ಮಾಡಿದ್ದೇವೆ. ಈಗ ನೋಡಿದರೆ ನೀರು ನಿಲ್ಲುತ್ತಿದೆ. ಯಾಕೆ ಅಂತ ಬಂದು ನೋಡ್ತೀರಾ?"

ಹೋಗಿ ನೋಡುವ ಮೊದಲೇ ಕಾರಣ ಗೊತ್ತಾಗಿರುತ್ತದೆ. ಜಲ್ಲಿಯನ್ನು ಕೆಳಕ್ಕೆ ಎಳೆದದ್ದೇ ಕಾರಣ.

ಜನ ಯಾಕೆ ಹೀಗೆ ಮಾಡುತ್ತಾರೆ ಅನ್ನುವುದು ನನಗೆ ಚೆನ್ನಾಗಿ ಅರ್ಥವಾಗುತ್ತದೆ. ದಂಡೆ ಕಡಿದಾಗಿದೆ. ರೇಕು, ಅಂದರೆ ಉದ್ದ ಹಿಡಿಯ ಹಲ್ಲುಕೋಲು, ತಗುಲಿದರೆ ಸಾಕು, ಕಲ್ಲು ತಾನಾಗಿಯೇ ಉರುಳುತ್ತದೆ. ಮೇಲಕ್ಕೆ ಎಳೆದರೆ ಸೊಂಟ ಹಿಡಿದುಕೊಳ್ಳುತ್ತದೆ. ಅರ್ಧ ದಿನದಲ್ಲಿ ಹುಲ್ಲು ಬಾಚಿದ ತಲೆಯ ಹಾಗೆ ಕಾಣುತ್ತದೆ, ಖುಷಿಯಾಗುತ್ತದೆ. ಆದರೆ ಆ ಕಲ್ಲು ಎಲ್ಲಿ ಹೋಗಿ ಕೂತಿದೆ ಅಂತ ಒಂದು ಸಲ ಬಗ್ಗಿ ನೋಡಬೇಕು ಅಲ್ವಾ?

ಚರಂಡಿಯ ದಂಡೆ ಕಡಿದಾಗಿದ್ದರೂ ಅದರ ತಳ ಹೆಚ್ಚುಕಡಿಮೆ ಚಪ್ಪಟೆಯಾಗಿಯೇ ಇರುತ್ತದೆ. ಕಣ್ಣಿಗೆ ಮೋಸವಾಗುವುದು ಇಲ್ಲೇ. ದಂಡೆಯನ್ನು ನೋಡಿ "ಎಷ್ಟು ಇಳಿಜಾರಿದೆ, ನೀರು ರಭಸವಾಗಿ ಹೋಗುತ್ತೆ" ಅಂದುಕೊಳ್ಳುತ್ತೇವೆ. ನೀರು ಹರಿಯುವುದು ತಳದ ಉದ್ದಕ್ಕೆ, ತಳದ ವಾಟವನ್ನು ನಂಬಿಕೊಂಡು. ಎಷ್ಟೋ ಚರಂಡಿಗಳಲ್ಲಿ ಆ ವಾಟ ನೂರಕ್ಕೆ ಒಂದು ಇದ್ದರೆ ಹೆಚ್ಚು. ಅಂದರೆ ಒಂದು ಮೀಟರ್ ಉದ್ದಕ್ಕೆ ಒಂದು ಸೆಂಟಿಮೀಟರ್ ಇಳಿತ, ಬೆರಳಿನ ಅಗಲಕ್ಕಿಂತಲೂ ಕಡಿಮೆ. ಇಂಥ ತಳದಲ್ಲಿ 10 ಸೆಂಟಿಮೀಟರ್ ಎತ್ತರದ ಒಂದೇ ಒಂದು ಜಲ್ಲಿ ಗುಡ್ಡೆ ಅಡ್ಡ ಬಿದ್ದರೆ, ಅದರ ಹಿಂದೆ 10 ಮೀಟರ್ ಉದ್ದಕ್ಕೆ ನೀರು ನಿಲ್ಲಬಹುದು. ಒಂದು ಗೇಣೂ ಇಲ್ಲದ ಗುಡ್ಡೆಗೆ 10 ಮೀಟರ್ ಕೊಳ. ಈ ಲೆಕ್ಕವನ್ನು ನಾನು ಪ್ರತಿ ವರ್ಷ ಎಷ್ಟು ಮನೆಗಳಲ್ಲಿ ಹೇಳುತ್ತೇನೋ ಗೊತ್ತಿಲ್ಲ, ಮುಂದಿನ ವರ್ಷ ಮತ್ತೆ ಅದೇ ಮನೆಯಿಂದ ಫೋನು ಬರುತ್ತದೆ.

"ಜೋರು ಮಳೆ ಬಂದರೆ ಕೊಚ್ಚಿಕೊಂಡು ಹೋಗುತ್ತಲ್ಲ" ಅನ್ನುವವರೂ ಇದ್ದಾರೆ. ಮಳೆ ನೀರು ಮೊದಲು ಒಯ್ಯುವುದು ಪುಡಿಯನ್ನು, ಸಣ್ಣ ಮರಳನ್ನು. ದಪ್ಪ ಕಲ್ಲು ಅಲ್ಲೇ ಉಳಿಯುತ್ತದೆ. ಅದನ್ನೂ ಉರುಳಿಸುವಷ್ಟು ದೊಡ್ಡ ಮಳೆ ಬಂತು ಅಂದುಕೊಳ್ಳಿ. ಆಗ ಕಲ್ಲು ಹೋಗಿ ನಿಲ್ಲುವುದು ನೀರಿನ ವೇಗ ತಗ್ಗುವ ಜಾಗದಲ್ಲಿ, ಅಂದರೆ ಹೆಚ್ಚಾಗಿ ನಿಮ್ಮದೋ ಪಕ್ಕದವರದೋ ಮೋರಿಯ (ಮನೆಗೆ ಹೋಗುವ ದಾರಿಯ ಅಡಿ ನೀರು ಹಾಯಿಸುವ ಕೊಳವೆಯ) ಬಾಯಲ್ಲಿ. ಅಲ್ಲಿ ಕಲ್ಲಿನ ಮೇಲೆ ಎಲೆ, ಎಲೆಯ ಮೇಲೆ ಹೂಳು ಕೂತು ಗಟ್ಟಿಯಾದರೆ ತೆಗೆಯುವುದು ಬಹಳ ಕಷ್ಟ.

ಇನ್ನೊಂದು ವಿಷಯವನ್ನೂ ಹೇಳಿಬಿಡುತ್ತೇನೆ. ಚರಂಡಿಯಲ್ಲಿ ನಿಂತ ನೀರು ಚರಂಡಿಯಲ್ಲೇ ಇರುವುದಿಲ್ಲ, ಪಕ್ಕಕ್ಕೆ ಇಂಗಿ ರಸ್ತೆಯ ಬುಡ ಸೇರುತ್ತದೆ. ಹಿಮ ಕರಗುವ ಕಾಲದಲ್ಲಿ ನೆಲ ಮೇಲಿನಿಂದ ಕರಗುತ್ತಾ ಬರುತ್ತದೆ, ಕೆಳಗಿನ ಪದರ ಇನ್ನೂ ಹೆಪ್ಪುಗಟ್ಟಿರುತ್ತದೆ. ನೀರಿಗೆ ಕೆಳಗೆ ಇಳಿಯಲು ದಾರಿ ಇಲ್ಲ. ಮೇಲಿನ ಮಣ್ಣು ಕಲಸಿದ ಹಿಟ್ಟಿನ ಹಾಗಾಗುತ್ತದೆ, ಒಂದು ಭಾರದ ಗಾಡಿ ಹೋದರೆ ಚಕ್ರದ ಗುರುತು ಆಳಕ್ಕೆ ಇಳಿಯುತ್ತದೆ. ಆಮೇಲೆ ನಾವು ರಸ್ತೆ ಸರಿಯಿಲ್ಲ ಅಂತ ಬೈಯುತ್ತೇವೆ.

ನನ್ನ ಹಳೆಯ ಗಿರಾಕಿ ಯಜಮಾನರೊಬ್ಬರಿದ್ದಾರೆ. ತುಂಬ ಅಚ್ಚುಕಟ್ಟಿನ ಮನುಷ್ಯ, ಅವರ ಮನೆಯಲ್ಲಿ ಸಲಿಕೆಗೂ ಎಣ್ಣೆ ಹಚ್ಚಿಟ್ಟಿರುತ್ತಾರೆ. ಮೂರು ವರ್ಷ ಸತತವಾಗಿ ದಂಡೆಯ ಜಲ್ಲಿಯನ್ನು ಕೆಳಕ್ಕೆ ಎಳೆದರು. ನಾಲ್ಕನೇ ವರ್ಷ ಮನೆಗೆ ಹೋಗುವ ದಾರಿಯ ಮೇಲೆಯೇ ನೀರು ಹರಿಯಿತು. ನಾನು ಹೋಗಿ ಮೋರಿಯ ಮುಂದೆ ಮಂಡಿಯೂರಿ ಟಾರ್ಚ್ ಬಿಟ್ಟು ನೋಡಿದೆ. ಕೊಳವೆಯ ಅರ್ಧಕ್ಕೂ ಮೇಲೆ ಜಲ್ಲಿ ತುಂಬಿತ್ತು. ಉಳಿದ ಸಂದಿಯಲ್ಲಿ ಒಂದು ಕಪ್ಪೆ ಕೂತಿತ್ತು. ಇಬ್ಬರೂ ಸೇರಿ ಉದ್ದ ಕೋಲಿಗೆ ಗುದ್ದಲಿ ಕಟ್ಟಿ, ಕಲ್ಲನ್ನು ಸ್ವಲ್ಪ ಸ್ವಲ್ಪವೇ ಹೊರಗೆ ಎಳೆದೆವು. ಸಂಜೆ ಹೊತ್ತಿಗೆ ರಸ್ತೆ ಬದಿಯಲ್ಲಿ ದೊಡ್ಡ ರಾಶಿ ಬಿತ್ತು. ಅವರು ಅದನ್ನೇ ನೋಡುತ್ತಾ, "ಇದೆಲ್ಲ ನಾನೇ ಕಳಿಸಿದ್ದೇನಪ್ಪಾ" ಅಂದರು. ಪಾಪ, ಆ ಮಾತು ಕೇಳಿ ನನಗೇ ಬೇಜಾರಾಯಿತು. ಅವರು ಸೋಮಾರಿತನ ಮಾಡಿರಲಿಲ್ಲ. ಕಷ್ಟಪಟ್ಟೇ ಕೆಲಸ ಮಾಡಿದ್ದರು, ದಿಕ್ಕು ಮಾತ್ರ ತಪ್ಪಿತ್ತು.

ಸರಿ, ಮೇಲಕ್ಕೆ ಎಳೆಯಬೇಕು. ಎಲ್ಲಿಯ ತನಕ? ಎರಡನೇ ತಪ್ಪು ಆಗುವುದು ಇಲ್ಲಿ. ರಸ್ತೆಯ ಅಂಚಿಗೆ ಮುಟ್ಟಿದ ಕೂಡಲೇ ಸುಸ್ತಾಗಿ ನಿಲ್ಲಿಸುತ್ತಾರೆ. ಅಂಚಿನ ಉದ್ದಕ್ಕೂ ಜಲ್ಲಿಯ ಸಣ್ಣ ಬದು ಆಗುತ್ತದೆ. ಜಲ್ಲಿ ರಸ್ತೆಯನ್ನು ನಡುವೆ ಎತ್ತರ ಮಾಡಿ, ಅಂಚಿನ ಕಡೆಗೆ ಮೀಟರಿಗೆ ಸುಮಾರು 4 ಸೆಂಟಿಮೀಟರ್ ವಾಟ ಕೊಟ್ಟಿರುತ್ತಾರೆ. ಮಳೆ ನೀರು ಪಕ್ಕಕ್ಕೆ ಸರಿದು ಚರಂಡಿಗೆ ಇಳಿಯಲಿ ಅಂತ. ಬದು ಇದ್ದರೆ ನೀರು ಎಲ್ಲಿ ಇಳಿಯಬೇಕು?

ಇದನ್ನು ಬಾಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ, ಅದಕ್ಕೆ ನಾನು ಒಂದು ಬಕೆಟ್ ನೀರು ತರಿಸುತ್ತೇನೆ. ಹೋದ ವರ್ಷ ಒಬ್ಬ ಹೆಣ್ಣುಮಗಳ ಮನೆ ಮುಂದೆ ಹೀಗೇ ಮಾಡಿದೆ. ರಸ್ತೆಯ ನಡುವಿನಿಂದ ನೀರು ಸುರಿದೆ. ನೀರು ಹರಡಿಕೊಂಡು ಅಂಚಿಗೆ ಬಂತು. ನಾಲ್ಕು ಬೆರಳು ಎತ್ತರದ ಕಲ್ಲಿನ ಸಾಲಿಗೆ ತಾಗಿತು. ಅಲ್ಲಿಂದ ತಿರುಗಿ ಚಕ್ರದ ಹಾದಿ ಹಿಡಿದು ಹತ್ತು ಹೆಜ್ಜೆ ಓಡಿತು. ಒಂದು ಕಡೆ ಸಾಲು ಒಡೆದಿತ್ತು, ಆ ಕಿಂಡಿಯಿಂದ ಒಂದೇ ಧಾರೆಯಾಗಿ ಕೆಳಗೆ ಬಿತ್ತು. ಅಲ್ಲಿ ಹುಲ್ಲು ಆಗಲೇ ಕಿತ್ತು ಹೋಗಿ, ಅಂಗೈ ಅಗಲದ ಕೊರಕಲು ಬಿದ್ದಿತ್ತು, ಬೇರುಗಳು ನೇತಾಡುತ್ತಿದ್ದವು. ಆಕೆ ಒಂದು ಮಾತೂ ಆಡದೆ ಒಳಗೆ ಹೋಗಿ ರೇಕು ತಂದರು.

ಹಾಗಾಗಿ ಅಂಚು ದಾಟಿಸಿ ರಸ್ತೆಯ ಮೈಮೇಲೆ ಹರಡಿ. ಇಲ್ಲವೇ ಟಾರ್ಪಾಲ್ ಮೇಲೆ ಎಳೆದುಕೊಂಡು ಬೇರೆ ಕಡೆ ಸಾಗಿಸಿ. ಹುಲ್ಲಿನ ಬೇರು, ಮಣ್ಣು, ಎಲೆ ಬೆರೆತ ಜಲ್ಲಿಯನ್ನು ಮಾತ್ರ ರಸ್ತೆಗೆ ಹಾಕಬೇಡಿ. ಅದು ನೀರು ಹಿಡಿದುಕೊಳ್ಳುತ್ತದೆ, ಆ ಜಾಗ ಮೆತ್ತಗಾಗುತ್ತದೆ. ಜರಡಿ ಹಿಡಿದು ಹಾಕಿದರೆ ಒಳ್ಳೆಯದು. ರಸ್ತೆ ಮತ್ತು ಚರಂಡಿ ಸಾಮಾನ್ಯವಾಗಿ ನಿಮ್ಮ ಸ್ವತ್ತಾಗಿರುವುದಿಲ್ಲ, ಆದ್ದರಿಂದ ಹಾಕುವ ಮೊದಲು ರಸ್ತೆ ನೋಡಿಕೊಳ್ಳುವವರಿಗೆ ಒಂದು ಮಾತು ಕೇಳಿ. ಅಗೆಯುವ ಯೋಚನೆ ಇದ್ದರಂತೂ ಕೇಳಲೇಬೇಕು, ನೆಲದೊಳಗೆ ಕೇಬಲ್ಲು, ಪೈಪು ಇರಬಹುದು.

ಎಳೆಯುವ ವಿಧಾನ ದೊಡ್ಡದೇನಲ್ಲ. ಮೊದಲು ದಂಡೆಯ ಬುಡದಲ್ಲಿ ಉದ್ದಕ್ಕೂ ಒಂದು ಹಲಗೆ ಅಡ್ಡ ಇಟ್ಟು ಗೂಟ ಹೊಡೆಯಿರಿ. ತಪ್ಪಿ ಉರುಳಿದ ಕಲ್ಲು ಅಲ್ಲೇ ನಿಲ್ಲುತ್ತದೆ. ಆಮೇಲೆ ರಸ್ತೆಯಲ್ಲಿ ನಿಂತು ಮೇಲಿನ ಪಟ್ಟಿಯನ್ನು ಎಳೆಯಿರಿ. ಜಲ್ಲಿ ಜಾಸ್ತಿ ಬಿದ್ದಿರುವುದು ಅಲ್ಲೇ. ಅದು ಖಾಲಿಯಾದ ಮೇಲೆ ಕೆಳಗಿನ ಪಟ್ಟಿ. ಸ್ಪ್ರಿಂಗಿನ ಹಾಗೆ ಬಾಗುವ, ಹಲ್ಲುಗಳ ನಡುವೆ ಸಂದಿ ಇರುವ ರೇಕು ಬೇಕು. ಸಲಿಕೆ ಬೇಡ. ಸಲಿಕೆ ಹುಲ್ಲನ್ನೂ ಕೆರೆದು ತೆಗೆಯುತ್ತದೆ, ಬರೀ ಮಣ್ಣು ಉಳಿದ ದಂಡೆ ಮೊದಲ ಮಳೆಗೇ ಕುಸಿಯಲು ಶುರುಮಾಡುತ್ತದೆ. ಗಾಳಿ ಊದುವ ಬ್ಲೋವರ್ ಸಮತಟ್ಟಿನಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಕಡಿದಾದ ದಂಡೆಯಲ್ಲಿ ಊದಿದ ಕಲ್ಲು ವಾಪಸ್ ಉರುಳಿ ಬರುತ್ತದೆ.

ಎರಡು ಮೂರು ದಿನ ಒಣ ಹವೆ ಇದ್ದ ಮೇಲೆ ಶುರುಮಾಡಿ, ಆದರೆ ಹೊಸ ಹುಲ್ಲು ಕಲ್ಲಿನ ನಡುವೆ ಎದ್ದು ಹಿಡಿದುಕೊಳ್ಳುವ ಮೊದಲೇ ಮುಗಿಸಿ. ನಡುವೆ ಸಿಗುವ ದಿನಗಳು ಕಡಿಮೆ.

ಒಂದೇ ದಿನದಲ್ಲಿ ಮುಗಿಸುತ್ತೇನೆ ಅಂತ ಹೊರಡಬೇಡಿ. 30 ಮೀಟರ್ ಉದ್ದ, ಒಂದು ಮೀಟರ್ ಅಗಲ, 3 ಸೆಂಟಿಮೀಟರ್ ದಪ್ಪ ಜಲ್ಲಿ ಅಂದರೆ ಸುಮಾರು ಒಂದೂವರೆ ಟನ್ ತೂಕ ಆಗುತ್ತದೆ. ನೋಡಲು ಏನೂ ಅಲ್ಲ ಅನಿಸುತ್ತದೆ. 10 ಲೀಟರ್ ಬಕೆಟ್ ತುಂಬಿದರೆ ಒಂದಕ್ಕೇ 15 ಕಿಲೋ ಮೇಲಾಗುತ್ತದೆ. ಬೆನ್ನುನೋವು, ಎದೆಯ ತೊಂದರೆ ಇರುವವರು ಆಳು ಕರೆಯುವುದೇ ವಾಸಿ.

ಎಲ್ಲ ಕಲ್ಲನ್ನೂ ಹೆಕ್ಕಬೇಕಾಗಿಯೂ ಇಲ್ಲ. ಅಲ್ಲೊಂದು ಇಲ್ಲೊಂದು ಉಳಿದರೆ ಹುಲ್ಲು ಅದನ್ನು ಮುಚ್ಚಿಕೊಳ್ಳುತ್ತದೆ. ನನ್ನ ಅನುಭವದಲ್ಲಿ ಹುಲ್ಲು ಸಾಯುವುದು ಕಲ್ಲು ಪದರವಾಗಿ ಕೂತ ಕಡೆ ಮಾತ್ರ. ಆದರೆ ಹುಲ್ಲು ಕತ್ತರಿಸುವ ಯಂತ್ರ ಓಡಿಸುವ ಜಾಗವನ್ನು ಚೆನ್ನಾಗಿ ನೋಡಿಕೊಳ್ಳಿ, ಬ್ಲೇಡಿಗೆ ಸಿಕ್ಕ ಕಲ್ಲು ಗುಂಡಿನ ಹಾಗೆ ಹಾರುತ್ತದೆ. ಕೂತು ಓಡಿಸುವ ಯಂತ್ರವನ್ನು 15 ಡಿಗ್ರಿಗಿಂತ ಕಡಿದಾದ ಕಡೆ ಒಯ್ಯಬೇಡಿ ಅಂತ ತಯಾರಕರು ಸಾಮಾನ್ಯವಾಗಿ ಎಚ್ಚರಿಸುತ್ತಾರೆ. ಎಷ್ಟೋ ಚರಂಡಿ ದಂಡೆಗಳು ಅದಕ್ಕಿಂತ ಕಡಿದಾಗಿರುತ್ತವೆ. ಬಕೆಟ್ ಇರುವ ಲೋಡರನ್ನು ದಂಡೆಗೆ ಇಳಿಸುವ ಸಾಹಸವಂತೂ ಬೇಡವೇ ಬೇಡ. ರಸ್ತೆಯ ಮೇಲೆ ನಿಂತು ಕೈ ಚಾಚಿ ತೆಗೆಯುವ ಯಂತ್ರ ಬೇರೆ, ಅದನ್ನು ಓಡಿಸುವವರಿಗೇ ಬಿಡಿ.

ಹಿಮ ತಳ್ಳುವ ಚಾಲಕರ ಮೇಲೆ ಸಿಟ್ಟು ಮಾಡಿಕೊಳ್ಳಬೇಡಿ. ನಸುಕಿನ ಕತ್ತಲಲ್ಲಿ, ಅಂಚು ಎಲ್ಲಿದೆ ಅಂತ ಕಾಣದ ರಸ್ತೆಯಲ್ಲಿ ಅವರು ಕೆಲಸ ಮಾಡುತ್ತಾರೆ. ಚಳಿಗಾಲಕ್ಕೆ ಮುಂಚೆ ಅಂಚಿಗೆ ಎತ್ತರದ ಕೋಲು ನೆಟ್ಟರೆ ಅವರಿಗೆ ಎಷ್ಟೋ ಸಹಾಯ. ನಿಮ್ಮದೇ ದಾರಿಗೆ ನಿಮ್ಮದೇ ಹಿಮ ತಳ್ಳುವ ಬ್ಲೇಡು ಇದ್ದರೆ ಅದರ ಕೆಳಗಿನ ಪಾದವನ್ನು (ನೆಲದ ಮೇಲೆ ಜಾರುತ್ತಾ ಬ್ಲೇಡನ್ನು ಹೊರುವ ತುಂಡನ್ನು) ಎರಡು ಮೂರು ಸೆಂಟಿಮೀಟರ್ ಇಳಿಸಿ, ಬ್ಲೇಡು ನೆಲ ಬಿಟ್ಟು ಅಷ್ಟು ಮೇಲೆ ನಿಲ್ಲುತ್ತದೆ. ಮೊದಲ ಹಿಮವನ್ನು ತಳದ ತನಕ ಕೆರೆಯದೆ ತುಳಿದು ಗಟ್ಟಿಯಾಗಲು ಬಿಡಿ. ಜಲ್ಲಿ ಅದರಡಿ ಹೆಪ್ಪುಗಟ್ಟಿ ಕೂತರೆ ಬ್ಲೇಡಿಗೆ ಅಷ್ಟು ಸುಲಭವಾಗಿ ಸಿಗುವುದಿಲ್ಲ.

ಆ ಯಜಮಾನರು ಈ ಸಲ ತಾವೇ ಫೋನು ಮಾಡಿದರು. "ಮೂರು ಮೀಟರ್ ಮೇಲಕ್ಕೆ ಎಳೆದಿದ್ದೇನೆ, ಸರಿ ಇದೆಯಾ ನೋಡು ಬಾ" ಅಂದರು. ಹಲಗೆ ಇಟ್ಟಿದ್ದೀರಾ ಅಂತ ಕೇಳಿದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ. "ತಡಿ, ಈಗ ಇಡ್ತೀನಿ" ಅಂದು ಫೋನು ಇಟ್ಟರು.